ಹೊಸ ಫೋನ್ ತಂದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ: ಕೊಡಗಿನ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹೊಸ ಫೋನ್ ತಂದಾಗ ನಮ್ಮ ಕಡೆ ಮತ್ತೆ ಮತ್ತೆ ಆಗುವ ಎಡವಟ್ಟು ಒಂದೇ. ಅಂಗಡಿಯಲ್ಲೇ ಸಿಮ್ ತೆಗೆಸಿ ಹೊಸದಕ್ಕೆ ಹಾಕಿಸುತ್ತಾರೆ. ಅಲ್ಲೇ ಒಂದು ಹೊಸ ಜಿಮೇಲ್ ಮಾಡಿಸುತ್ತಾರೆ, ವಾಟ್ಸಾಪ್ ಹಾಕಿಸುತ್ತಾರೆ, ಹಳೆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಬಸ್ ಹತ್ತುತ್ತಾರೆ. ಮನೆಗೆ ಬಂದು ನೋಡಿದರೆ ಹಳೆ ಮೆಸೇಜ್ ಇಲ್ಲ, ಫೋಟೋ ಇಲ್ಲ, ಅರ್ಧಕ್ಕರ್ಧ ನಂಬರ್ ಇಲ್ಲ.

ನಮ್ಮ ದೊಡ್ಡಮ್ಮನಿಗೆ ಆಗಿದ್ದೂ ಇದೇ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರು ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನು ದೊಡ್ಡಮ್ಮ ಹಾಗೇ ಇಟ್ಟುಕೊಂಡಿದ್ದರು. "ಮೋಡ ಕಟ್ತಾ ಇದೆ, ಕಣದಲ್ಲಿ ಕಾಫಿ ಇದೆ, ಟಾರ್ಪಾಲ್ ಎಳೆಸು" ಅನ್ನುವಂಥವು, ಹತ್ತು ಸೆಕೆಂಡಿನವು. ಅಂಗಡಿಯಲ್ಲಿ ಹೊಸ ಜಿಮೇಲ್ ಮಾಡಿಕೊಟ್ಟರು. ಬ್ಯಾಕಪ್ ಇದ್ದಿದ್ದು ಹಳೆ ಜಿಮೇಲ್‌ನಲ್ಲಿ. ಅದರ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಳೆ ಫೋನನ್ನು ಅಷ್ಟರಲ್ಲಿ ಅಳಿಸಿಯೂ ಆಗಿತ್ತು. ಆ ದನಿ ಮತ್ತೆ ಸಿಗಲಿಲ್ಲ.

ಅವತ್ತಿನಿಂದ ನೆಂಟರಲ್ಲಿ ಯಾರೇ ಹೊಸ ಫೋನ್ ತಂದರೂ ಜೊತೆಗೆ ಕೂತು ಈ ಕೆಳಗಿನ ಸರದಿಯಲ್ಲೇ ಮಾಡಿಸುತ್ತೇನೆ. ಇಲ್ಲಿ ಹೇಳುತ್ತಿರುವುದು ಆಂಡ್ರಾಯ್ಡ್ ಫೋನಿಗೆ. ಕಂಪನಿಯಿಂದ ಕಂಪನಿಗೆ ಮೆನುಗಳ ಹೆಸರು ಸ್ವಲ್ಪ ಬೇರೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಗಡೆ ಹುಡುಕುವ ಜಾಗದಲ್ಲಿ ಟೈಪ್ ಮಾಡಿ, ಬರುತ್ತದೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಹಳೆ ಫೋನ್, ಪೂರ್ತಿ ಚಾರ್ಜ್ ಆಗಿ. ಹೊಸ ಫೋನ್, ಅದರ ಡಬ್ಬಿ, ಬಿಲ್, ಸಿಮ್ ತೆಗೆಯುವ ಪಿನ್. ಎಟಿಎಂ ಕಾರ್ಡ್. ಒಂದು ನೋಟ್‌ಬುಕ್, ಪೆನ್ನು. ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಇರುವ ಮಕ್ಕಳ ಮನೆಗೆ, ನೆಂಟರ ಮನೆಗೆ ಹೋಗಿ ಮಾಡಿ. ಎರಡು ಮೂರು ಗಂಟೆ ಬೇಕಾಗುತ್ತದೆ. ಗಾಳಿ ಮಳೆ ಜೋರಾಗಿ ಕರೆಂಟ್ ಹೋಗಿ ಬಂದು ಮಾಡುತ್ತಿರುವ ದಿನ ಇದಕ್ಕೆ ಕೈ ಹಾಕಲೇಬೇಡಿ.

ಇನ್ನೊಂದು ಮಾತು. ಕೂಲಿ ಬಟವಾಡೆಯ ಹಿಂದಿನ ದಿನ ಫೋನ್ ಬದಲಿಸಬೇಡಿ. ಯುಪಿಐ ಅನ್ನು ಹೊಸ ಫೋನಿಗೆ ಹಾಕಿದ ಮೇಲೆ ಮೊದಲ 24 ಗಂಟೆ ಸಾಮಾನ್ಯವಾಗಿ 5000 ರೂಪಾಯಿಗಿಂತ ಜಾಸ್ತಿ ಕಳಿಸಲು ಬಿಡುವುದಿಲ್ಲ. ಹತ್ತು ಜನ ಕೆಲಸದವರು ಕೂಲಿಗೆ ಕಾಯುತ್ತಿರುವಾಗ ಇದು ಗೊತ್ತಾದರೆ ಎಷ್ಟು ಕಷ್ಟ ಅಲ್ವಾ.

ಹಂತ 1: ಫೋನ್ ಅಸಲಿಯೇ, ನೋಡಿ

ಹೊಸ ಫೋನಿನ ಡಯಲ್ ಜಾಗದಲ್ಲಿ *#06# ಒತ್ತಿ. ಐಎಂಇಐ ಎಂಬ 15 ಅಂಕಿಯ ನಂಬರ್ ಬರುತ್ತದೆ. ಎರಡು ಸಿಮ್ ಹಾಕುವ ಫೋನಾದರೆ ಎರಡು ನಂಬರ್. ಡಬ್ಬಿಯ ಮೇಲಿರುವುದಕ್ಕೂ ಬಿಲ್ಲಿನಲ್ಲಿ ಬರೆದಿರುವುದಕ್ಕೂ ಇದು ಅಂಕಿ ಅಂಕಿ ಹೊಂದಬೇಕು. ಹೊಂದದಿದ್ದರೆ ಅವತ್ತೇ ಅಂಗಡಿಗೆ ವಾಪಸ್ ಹೋಗಿ.

ಸೆಕೆಂಡ್ ಹ್ಯಾಂಡ್ ಫೋನಾದರೆ ದುಡ್ಡು ಕೊಡುವ ಮುಂಚೆಯೇ ಇನ್ನೊಂದು ಕೆಲಸ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ (KYM) ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ 15 ಅಂಕಿ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿ. ಕದ್ದ ಫೋನ್ ಎಂದು ಬ್ಲಾಕ್ ಆಗಿದ್ದರೆ ಉತ್ತರದಲ್ಲೇ ತಿಳಿಯುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್‌ನಲ್ಲೂ ಇದನ್ನು ನೋಡಬಹುದು.

ಎರಡೂ ಐಎಂಇಐ ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಬಿಲ್ಲಿನ ಫೋಟೋ ತೆಗೆದು ಮಕ್ಕಳಿಗೋ ತಮ್ಮನಿಗೋ ಕಳಿಸಿ. ಫೋನ್ ಕಳೆದ ದಿನ ಬಿಲ್ಲಿನ ಫೋಟೋ ಅದೇ ಫೋನಿನೊಳಗೆ ಇದ್ದರೆ ಏನು ಪ್ರಯೋಜನ?

ಹಂತ 2: ಹಳೆ ಫೋನಿನ ಕೆಲಸ ಮೊದಲು ಮುಗಿಸಿ

ಜನ ಹಾರಿಸಿಬಿಡುವ ಹಂತ ಇದೇ, ನಷ್ಟವಾಗುವುದೂ ಇಲ್ಲೇ. ಸಿಮ್ ಇನ್ನೂ ಹಳೆ ಫೋನಿನಲ್ಲೇ ಇರಲಿ.

ಮೊದಲು ಹಳೆ ಫೋನಿನಲ್ಲಿ ಯಾವ ಜಿಮೇಲ್ ಇದೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂದು ಇರುತ್ತದೆ, ಒತ್ತಿದರೆ ವಿಳಾಸ ಕಾಣುತ್ತದೆ. ಅದನ್ನು ಬರೆದುಕೊಳ್ಳಿ. ಪಾಸ್‌ವರ್ಡ್ ನೆನಪಿಲ್ಲವೇ? ಹಳೆ ಫೋನ್ ಕೈಯಲ್ಲಿ ಇರುವಾಗಲೇ ಬದಲಿಸಿಬಿಡಿ. ಸ್ಕ್ರೀನ್ ಬೀಗ ಹಾಕಿದ್ದರೆ, ಫೋನ್ ನಿಮ್ಮದೇ ಎಂದು ಗೂಗಲ್‌ಗೆ ಗೊತ್ತಿರುವುದರಿಂದ, ಹೆಚ್ಚಿನ ಸಲ ಸುಲಭವಾಗಿ ಆಗುತ್ತದೆ. ಆ ಫೋನ್ ಒಮ್ಮೆ ಅಳಿಸಿದ ಮೇಲೆ ಅದೇ ಕೆಲಸ ಬಹಳ ಕಷ್ಟ.

ಅದೇ ಜಾಗದಲ್ಲಿ ಸೆಕ್ಯುರಿಟಿ ಎಂಬ ಭಾಗಕ್ಕೆ ಹೋಗಿ ಮೂರು ಕೆಲಸ ಮಾಡಿ. ರಿಕವರಿ ಫೋನ್ ನಂಬರ್ ಈಗ ನೀವು ಬಳಸುತ್ತಿರುವುದೇ ಅಲ್ಲವೇ ನೋಡಿ. ಹತ್ತು ವರ್ಷದ ಹಿಂದೆ ಯಾರೋ ಹಾಕಿಕೊಟ್ಟ, ಈಗ ಇಲ್ಲದ ನಂಬರೇ ಅಲ್ಲಿ ಇರುವುದು ತುಂಬ ಕಂಡಿದ್ದೇನೆ. ಆಮೇಲೆ ಟೂ-ಸ್ಟೆಪ್ ವೆರಿಫಿಕೇಶನ್, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತರಿ ಕೇಳುವ ವ್ಯವಸ್ಥೆ, ಆನ್ ಮಾಡಿ. ಕೊನೆಗೆ ಬ್ಯಾಕಪ್ ಕೋಡ್‌ಗಳನ್ನು ತೆಗೆಯಿರಿ. 8 ಅಂಕಿಯ 10 ಕೋಡ್ ಕೊಡುತ್ತದೆ. ಅವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮನೆಪತ್ರ, ಪಾಸ್‌ಬುಕ್ ಇಡುವ ಬೀರುವಿನಲ್ಲೇ ಇಡಿ. ಪರ್ಸಿನಲ್ಲಿ ಬೇಡ, ಫೋನಿನ ಕವರ್ ಹಿಂದೆ ಖಂಡಿತ ಬೇಡ. ಫೋನ್ ಕಳೆದಾಗ ಈ ಕೋಡ್ ಯಾಕೆ ಬೇಕು ಎಂದು ಕೊನೆಯಲ್ಲಿ ಹೇಳುತ್ತೇನೆ.

ನಂಬರ್‌ಗಳು ಎಲ್ಲಿ ಸೇವ್ ಆಗಿವೆ ನೋಡಿ. ಕೆಲವು ಸಿಮ್‌ನಲ್ಲಿ, ಕೆಲವು ಫೋನಿನಲ್ಲಿ, ಕೆಲವು ಗೂಗಲ್‌ನಲ್ಲಿ ಇರುತ್ತವೆ. ಫೋನಿನಲ್ಲಿ ಮಾತ್ರ ಇದ್ದವು ತಾವಾಗಿ ಹೊಸ ಫೋನಿಗೆ ಬರುವುದಿಲ್ಲ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸಿ.

ಫೋಟೋಗಳಿಗೆ ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದೆಯೇ ನೋಡಿ. ಗೂಗಲ್ ಬಿಟ್ಟಿಯಾಗಿ ಕೊಡುವುದು 15 ಜಿಬಿ. ಮೇಲ್, ಫೋಟೋ, ವಾಟ್ಸಾಪ್ ಬ್ಯಾಕಪ್ ಎಲ್ಲ ಸೇರಿ ಅಷ್ಟೇ. ಅದು ತುಂಬಿದ್ದರೆ ಬ್ಯಾಕಪ್ ಯಾವತ್ತೋ ನಿಂತಿರುತ್ತದೆ, ನಿಮಗೆ ಗೊತ್ತೇ ಇರುವುದಿಲ್ಲ. ಕೊನೆಯ ಬ್ಯಾಕಪ್‌ನ ತಾರೀಖು ನೋಡಿ. ಹಳೆಯದಾಗಿದ್ದರೆ, ಬೇಡದ ವಿಡಿಯೋ, ದಿನಾ ಬೆಳಗ್ಗೆ ಬರುವ ಶುಭೋದಯದ ಚಿತ್ರಗಳನ್ನು ಅಳಿಸಿ ಜಾಗ ಮಾಡಿ, ಇಲ್ಲದಿದ್ದರೆ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ.

ಕೊನೆಯದಾಗಿ ವಾಟ್ಸಾಪ್. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್. ಯಾವ ಜಿಮೇಲ್‌ಗೆ ಹೋಗುತ್ತಿದೆ ಎಂದು ಅಲ್ಲೇ ಬರೆದಿರುತ್ತದೆ. ಬ್ಯಾಕಪ್ ಒತ್ತಿ, ಪೂರ್ತಿ ಆಗುವ ತನಕ ಕಾಯಿರಿ.

ಹಂತ 3: ಈಗ ಹೊಸ ಫೋನ್ ಸೆಟಪ್ ಮಾಡಿ

ಭಾಷೆ ಕೇಳುತ್ತದೆ. ಇಂಗ್ಲಿಷ್ ಓದಲು ತಡವರಿಸುವವರಿಗೆ ಕನ್ನಡವನ್ನೇ ಆರಿಸಿ. ಎಚ್ಚರಿಕೆಯ ಸಂದೇಶ ಬಂದಾಗ ಅದನ್ನು ಓದಿ ಅರ್ಥ ಮಾಡಿಕೊಂಡು ಒತ್ತುವುದಕ್ಕೂ, ಸುಮ್ನೆ ಹಸಿರು ಗುಂಡಿ ಒತ್ತುವುದಕ್ಕೂ ತುಂಬ ವ್ಯತ್ಯಾಸ ಇದೆ.

ಆಮೇಲೆ ವೈಫೈ. ಆಮೇಲೆ ಹಳೆ ಫೋನಿಂದ ಕಾಪಿ ಮಾಡಬೇಕೇ ಎಂದು ಕೇಳುತ್ತದೆ. ಅವಸರದಲ್ಲಿ ಎಲ್ಲರೂ ಇದನ್ನು ಸ್ಕಿಪ್ ಮಾಡುತ್ತಾರೆ. ಮಾಡಬೇಡಿ. ಎರಡು ಫೋನನ್ನೂ ಅಕ್ಕಪಕ್ಕ ಇಟ್ಟು, ಕೇಬಲ್ ಇದ್ದರೆ ಕೇಬಲ್‌ನಿಂದ, ಇಲ್ಲದಿದ್ದರೆ ವೈಫೈನಿಂದ ಕಾಪಿ ಮಾಡಿ. ಜಿಮೇಲ್ ಕೇಳಿದಾಗ ಹಳೆಯದನ್ನೇ ಹಾಕಿ. ಹೊಸದು ಮಾಡುವುದು ಬೇಡ. ಅಂಗಡಿಯವರು ಆಗಲೇ ಹೊಸ ಜಿಮೇಲ್ ಮಾಡಿಕೊಟ್ಟಿದ್ದರೆ, ಫೋನನ್ನು ಒಮ್ಮೆ ಪೂರ್ತಿ ರೀಸೆಟ್ ಮಾಡಿ ಮೊದಲಿಂದ ಶುರು ಮಾಡಿ. ಇನ್ನೊಬ್ಬರು ಇಟ್ಟ ಪಾಸ್‌ವರ್ಡ್ ಇರುವ ಖಾತೆ ನಿಮ್ಮ ಫೋನಿನಲ್ಲಿ ಇರಲೇಬಾರದು.

ನಡುವೆ ಕಂಪನಿಯವರು ಜಾಹೀರಾತು ತೋರಿಸಲು, ಆಟಗಳನ್ನು ಹಾಕಲು ಒಪ್ಪಿಗೆ ಕೇಳುತ್ತಾರೆ. ಅದಕ್ಕೆಲ್ಲ ಬೇಡ ಎನ್ನಬಹುದು, ಫೋನ್ ಚೆನ್ನಾಗಿಯೇ ನಡೆಯುತ್ತದೆ.

ಎಲ್ಲ ಬಂದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ನೋಡಿ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಫೋನಿಗೆ ಎರಡು ಮೂರು ಅಪ್‌ಡೇಟ್ ಬಾಕಿ ಇರುವುದು ಸಾಮಾನ್ಯ. ಚಾರ್ಜಿಗೆ ಹಾಕಿ ಒಂದಾದ ಮೇಲೆ ಒಂದು ಮುಗಿಸಿ. ಅಪ್‌ಡೇಟ್ ಆಗುವಾಗ ಫೋನ್ ತುಂಬ ಹೊತ್ತು ಸುಮ್ಮನಿದ್ದರೂ ಗುಂಡಿ ಒತ್ತಿ ಆಫ್ ಮಾಡಬೇಡಿ.

ಹಂತ 4: ಬೀಗ ಹಾಕಿ

ಕನಿಷ್ಠ 6 ಅಂಕಿಯ ಪಿನ್ ಇಡಿ. ಗೆರೆ ಎಳೆಯುವ ಪ್ಯಾಟರ್ನ್ ಬೇಡ. ಎಣ್ಣೆ ಕೈಯಲ್ಲಿ ಎಳೆದ ಗೆರೆ ಗಾಜಿನ ಮೇಲೆ ಹಾಗೇ ಕಾಣುತ್ತದೆ. ಹುಟ್ಟಿದ ವರ್ಷ, ಜೀಪಿನ ನಂಬರ್ ಎಲ್ಲ ಊರಿಗೇ ಗೊತ್ತಿರುವಂಥದ್ದು, ಅದೂ ಬೇಡ.

ಬೆರಳಚ್ಚು ಇಡಿ, ಆದರೆ ಅದನ್ನೇ ನಂಬಿ ಪಿನ್ ಮರೆಯಬೇಡಿ. ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮವರ ಕೈ ನೋಡಿ. ಬೆರಳ ತುದಿ ಕಪ್ಪಾಗಿ ಒಡೆದಿರುತ್ತದೆ, ಹಣ್ಣಿನ ಅಂಟು ಒಣಗಿ ಗೆರೆಗಳೇ ಮುಚ್ಚಿಹೋಗಿರುತ್ತವೆ. ಮಳೆಗಾಲದಲ್ಲಿ ಕೈ ಯಾವಾಗಲೂ ಒದ್ದೆ. ಆಗ ಫೋನ್ ಬೆರಳನ್ನು ಗುರುತಿಸುವುದೇ ಇಲ್ಲ, ಪಿನ್ ಕೇಳುತ್ತದೆ. ಪಿನ್ ಮರೆತಿದ್ದರೆ ಫೋನ್ ಪೂರ್ತಿ ಅಳಿಸುವುದೊಂದೇ ದಾರಿ. ಆದ್ದರಿಂದ ಕೆಲಸಕ್ಕೆ ಕಡಿಮೆ ಬಳಸುವ ಕೈಯ ಎರಡು ಬೆರಳು ಕೊಡಿ, ವಾರಕ್ಕೊಮ್ಮೆ ಬೇಕೆಂದೇ ಪಿನ್ ಹಾಕಿ ತೆರೆಯಿರಿ.

ಬೀಗ ಹಾಕಿದ ಪರದೆಯ ಮೇಲೆ ಮೆಸೇಜ್ ಒಳಗಿರುವುದು ಕಾಣದ ಹಾಗೆ ಮಾಡಿ. ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಫೋನ್ ತೆರೆಯದೆಯೇ ಒಟಿಪಿ ಓದಬಹುದು, ಬೀಗ ಇದ್ದೂ ಇಲ್ಲದ ಹಾಗೆ.

ಸಿಮ್‌ಗೂ ಪಿನ್ ಇಡಬಹುದು. ಆದರೆ ಮೂರು ಸಲ ತಪ್ಪಿದರೆ ಪಿಯುಕೆ ಎಂಬ ಬೇರೆ ನಂಬರ್ ಕೇಳುತ್ತದೆ, ಅದೂ ಹತ್ತು ಸಲ ತಪ್ಪಿದರೆ ಸಿಮ್ ಸತ್ತುಹೋಗುತ್ತದೆ. ಕಂಪನಿ ಕೊಟ್ಟ ಮೂಲ ಪಿನ್ ತಿಳಿದುಕೊಂಡ ಮೇಲೆಯೇ ಇದಕ್ಕೆ ಕೈ ಹಾಕಿ, ಊಹೆ ಮಾಡಿ ಒತ್ತಬೇಡಿ.

ಹಂತ 5: ಸಿಮ್, ಆಮೇಲೆ ವಾಟ್ಸಾಪ್

ಈಗ ಎರಡೂ ಫೋನ್ ಆಫ್ ಮಾಡಿ ಸಿಮ್ ಬದಲಿಸಿ. ಆನ್ ಮಾಡಿ ಒಂದು ಕರೆ ಮಾಡಿ, ಒಂದು ಎಸ್‌ಎಂಎಸ್ ಕಳಿಸಿ ನೋಡಿ.

ವಾಟ್ಸಾಪ್ ತೆರೆದು ನಂಬರ್ ಹಾಕಿದರೆ 6 ಅಂಕಿಯ ಕೋಡ್ ಬರುತ್ತದೆ. ಕೋಡ್ ಹಾಕಿದ ಮೇಲೆ ಬ್ಯಾಕಪ್ ಸಿಕ್ಕಿದೆ, ರಿಸ್ಟೋರ್ ಮಾಡಬೇಕೇ ಎಂದು ಕೇಳುತ್ತದೆ. ಇಲ್ಲಿ ಕೈ ತಡೆಯಿರಿ. ಈ ಪ್ರಶ್ನೆ ಬರುವುದು ಶುರುವಿನಲ್ಲಿ ಒಂದೇ ಸಲ. ಸ್ಕಿಪ್ ಒತ್ತಿದರೆ ಸೀದಾ ಖಾಲಿ ವಾಟ್ಸಾಪ್ ತೆರೆಯುತ್ತದೆ. ರಿಸ್ಟೋರ್ ಒತ್ತಿ. ಬ್ಯಾಕಪ್ ಸಿಗಲಿಲ್ಲ ಎಂದು ಬಂದರೆ ಗಾಬರಿಯಾಗಿ ಮುಂದೆ ಹೋಗಬೇಡಿ. ಹೊಸ ಫೋನಿನಲ್ಲಿರುವ ಜಿಮೇಲ್ ಹಳೆಯದೇ ಹೌದೇ ನೋಡಿ, ನಂಬರ್ ಅದೇ ಹೌದೇ ನೋಡಿ. ಯಾರಾದರೂ ಆಗಲೇ ಸ್ಕಿಪ್ ಒತ್ತಿದ್ದರೆ, ಹೊಸ ಬ್ಯಾಕಪ್ ಆಗುವ ಮುಂಚೆಯೇ ವಾಟ್ಸಾಪ್ ತೆಗೆದು ಮತ್ತೆ ಹಾಕಿ, ಪ್ರಶ್ನೆ ಮತ್ತೆ ಬರುತ್ತದೆ. ತಡ ಮಾಡಿದರೆ ಖಾಲಿ ವಾಟ್ಸಾಪ್‌ನ ಬ್ಯಾಕಪ್ ಹಳೆಯದರ ಮೇಲೆ ಕೂರುತ್ತದೆ.

ಬಂದ ಮೇಲೆ ಎರಡು ಕೆಲಸ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಅಕೌಂಟ್ ಭಾಗದಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ನೀವೇ ಒಂದು 6 ಅಂಕಿಯ ಪಿನ್ ಇಡಿ. ಲಿಂಕ್ಡ್ ಡಿವೈಸಸ್ ತೆರೆದು ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. "ತಪ್ಪಿ ನಿಮ್ಮ ನಂಬರಿಗೆ ನನ್ನ ಕೋಡ್ ಬಂದಿದೆ, ಕಳಿಸಿ ಮಾವ" ಎಂದು ನೆಂಟರ ನಂಬರಿಂದಲೇ ಮೆಸೇಜ್ ಬಂದರೂ ಕೊಡಬೇಡಿ. ಆ ನೆಂಟರ ವಾಟ್ಸಾಪ್ ಆಗಲೇ ಕಳ್ಳರ ಕೈಗೆ ಹೋಗಿದೆ ಎಂದು ತಿಳಿಯಿರಿ. ಮಾಮೂಲಿ ಕರೆ ಮಾಡಿ ಅವರಿಗೂ ಹೇಳಿ.

ಹಂತ 6: ಯುಪಿಐ ಮತ್ತು ಬ್ಯಾಂಕ್

ಆ್ಯಪ್ ಹಾಕುವುದು ಪ್ಲೇ ಸ್ಟೋರ್‌ನಿಂದ ಮಾತ್ರ. ನೋಂದಣಿ ಮಾಡುವಾಗ ನಿಮ್ಮ ಫೋನಿಂದ ಒಂದು ಎಸ್‌ಎಂಎಸ್ ತಾನಾಗಿ ಹೋಗುತ್ತದೆ. ಅದು ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್‌ನಿಂದಲೇ ಹೋಗಬೇಕು. ಇಲ್ಲಿ ಸಿಕ್ಕಿಹಾಕಿಕೊಳ್ಳುವುದು ಮೂರು ಕಾರಣಕ್ಕೆ: ಎರಡು ಸಿಮ್‌ನಲ್ಲಿ ತಪ್ಪು ಸಿಮ್ ಆರಿಸಿರುತ್ತಾರೆ, ರೀಚಾರ್ಜ್ ಪ್ಯಾಕ್‌ನಲ್ಲಿ ಎಸ್‌ಎಂಎಸ್ ಇರುವುದಿಲ್ಲ, ಅಥವಾ ಮನೆಯೊಳಗೆ ನೆಟ್‌ವರ್ಕ್ ಒಂದೇ ಕಡ್ಡಿ ಇರುತ್ತದೆ. ವೈಫೈ ಚೆನ್ನಾಗಿದ್ದರೂ ಎಸ್‌ಎಂಎಸ್ ಹೋಗದೇ ಇರಬಹುದು. ಸಿಗ್ನಲ್ ಸಿಗುವ ಜಾಗಕ್ಕೆ, ಗೇಟಿನ ಹತ್ತಿರವೋ ಗುಡ್ಡದ ಮೇಲಕ್ಕೋ ಹೋಗಿ ಮಾಡಿ.

ಫೋನ್ ಬದಲಾದರೂ ನಿಮ್ಮ ಯುಪಿಐ ಪಿನ್ ಹಳೆಯದೇ ಇರುತ್ತದೆ. ಮರೆತಿದ್ದರೆ ಮಾತ್ರ ಎಟಿಎಂ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಹಾಕಿ ಹೊಸದು ಮಾಡಬೇಕು. ಕಾರ್ಡ್ ಇಲ್ಲದಿದ್ದರೆ ಆಧಾರ್ ಒಟಿಪಿಯಿಂದಲೂ ಆಗುತ್ತದೆ.

ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಯಾವತ್ತೂ ಬೇಕಿಲ್ಲ. ಹೋಂಸ್ಟೇ ನಡೆಸುವವರು, ಮೆಣಸು, ಏಲಕ್ಕಿ ಮಾರುವವರು ಇದನ್ನು ಗಟ್ಟಿಯಾಗಿ ಹಿಡಿಯಿರಿ. "ಅಡ್ವಾನ್ಸ್ ಕಳಿಸುತ್ತಿದ್ದೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದವನು ನಿಮ್ಮ ಖಾತೆಯಿಂದ ತೆಗೆಯುತ್ತಿದ್ದಾನೆ. "ತಪ್ಪಿ ಜಾಸ್ತಿ ಹಾಕಿಬಿಟ್ಟೆ, ವಾಪಸ್ ಕಳಿಸಿ" ಎಂದಾಗಲೂ ಬಂದ ಎಸ್‌ಎಂಎಸ್ ನಂಬಬೇಡಿ, ಬ್ಯಾಂಕ್ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿ.

ಉಳಿತಾಯದ ದೊಡ್ಡ ದುಡ್ಡು ಇರುವ ಖಾತೆಯನ್ನು ಯುಪಿಐಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಕಾಫಿ ಮಾರಿದ ದುಡ್ಡು ಒಂದು ಖಾತೆಯಲ್ಲಿ ಇರಲಿ. ದಿನದ ಖರ್ಚಿಗೆ ಬೇರೆ ಸಣ್ಣ ಖಾತೆ ಇಟ್ಟು ಅದನ್ನು ಮಾತ್ರ ಫೋನಿಗೆ ಸೇರಿಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದು ಕೆಲಸ ಇವತ್ತೇ ಮಾಡಿ.

ಹಂತ 7: ಮಳೆಗಾಲಕ್ಕೆ ಫೋನ್ ಸಿದ್ಧ ಮಾಡಿ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಿದ್ದು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಿದ್ದು ನಮಗ್ಯಾರಿಗೂ ಮರೆತಿಲ್ಲ. ಆದರೂ ಫೋನಿನ ಈ ಭಾಗವನ್ನು ತೆರೆದು ನೋಡುವವರು ಕಡಿಮೆ.

ಸೆಟ್ಟಿಂಗ್ಸ್‌ನಲ್ಲಿ ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ ಎಂದು ಇದೆ. ಅಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಆನ್ ಇರಲಿ. ಸರ್ಕಾರ ಎಚ್ಚರಿಕೆ ಕಳಿಸಿದರೆ ಫೋನ್ ಜೋರಾಗಿ ಕೂಗುತ್ತದೆ. ಒಮ್ಮೆ ಪರೀಕ್ಷೆಗೆ ಕೂಗಿದಾಗ ಹೆದರಿ ತುಂಬ ಜನ ಅದನ್ನು ಆಫ್ ಮಾಡಿಟ್ಟಿದ್ದಾರೆ. ಅದೇ ಜಾಗದಲ್ಲಿ ನಿಮ್ಮ ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ, ತುರ್ತಿಗೆ ಕರೆಯಬೇಕಾದ ಇಬ್ಬರ ನಂಬರ್ ತುಂಬಿ. ಫೋನಿನ ಬೀಗ ತೆಗೆಯದೆಯೇ ಬೇರೆಯವರು ಅದನ್ನು ನೋಡಬಹುದು. ಪವರ್ ಗುಂಡಿ ಐದು ಸಲ ಒತ್ತಿದರೆ 112ಕ್ಕೆ ಹೋಗುವ ಎಸ್‌ಒಎಸ್ ಕೂಡ ಅಲ್ಲೇ ಇದೆ. ತೋಟದಲ್ಲಿ ಒಬ್ಬರೇ ಓಡಾಡುವವರು ಆನ್ ಮಾಡಿಕೊಳ್ಳಿ, ಜೇಬಿನಲ್ಲಿ ತಾನಾಗಿ ಒತ್ತಿಹೋಗದಂತೆ ನೋಡಿಕೊಳ್ಳಿ. ಜಿಲ್ಲಾ ವಿಪತ್ತು ಸಹಾಯವಾಣಿ 1077 ಅನ್ನೂ ಸೇವ್ ಮಾಡಿ.

ಆನೆ ಯಾವ ತೋಟದಲ್ಲಿದೆ ಎಂದು ಹೇಳುವ ಊರಿನ ವಾಟ್ಸಾಪ್ ಗುಂಪು ಇದ್ದರೆ ಅದನ್ನು ಮ್ಯೂಟ್ ಮಾಡಬೇಡಿ. ಅದಕ್ಕೆ ಬೇರೆಯೇ ಸದ್ದು ಇಡಿ. ಬೆಳಗ್ಗೆ ಹಾಲಿಗೆ, ಶಾಲೆ ಬಸ್ಸಿಗೆ ಹೊರಡುವ ಮುಂಚೆ ಕಿವಿಗೆ ಬೀಳಬೇಕಾದ ಸದ್ದು ಅದು.

ಮನೆಯೊಳಗೆ ಸಿಗ್ನಲ್ ಇಲ್ಲ, ಆದರೆ ಫೈಬರ್ ಇದೆ ಎನ್ನುವವರು ಸಿಮ್ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಮಾಮೂಲಿ ಕರೆಯೇ ವೈಫೈ ಮೇಲೆ ಹೋಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಕೊಡಗು ಮತ್ತು ಸಂಪಾಜೆ ಘಾಟಿ ಇಳಿದು ಸುಳ್ಯದ ತನಕ ಆಫ್‌ಲೈನ್ ಮ್ಯಾಪ್ ಇಳಿಸಿಡಿ. ಕರೆಂಟ್ ಎರಡು ಮೂರು ದಿನ ಹೋದರೆ ಟವರೂ ನಿಲ್ಲಬಹುದು, ಆಗ ಯಾವ ಎಚ್ಚರಿಕೆಯೂ ಫೋನಿಗೆ ಬರುವುದಿಲ್ಲ. ಒಂದು ಪವರ್ ಬ್ಯಾಂಕ್ ತುಂಬಿಡಿ, ಬ್ಯಾಟರಿ ಹಾಕುವ ಸಣ್ಣ ರೇಡಿಯೋ ಒಂದನ್ನು ಮನೆಯಲ್ಲಿ ಇಡಿ, ಮಡಿಕೇರಿ ಆಕಾಶವಾಣಿ ಕೇಳಿಸುತ್ತದೆ.

ನೀರು, ಸಿಡಿಲು, ಚಾರ್ಜರ್

ಫೋನ್ ಒದ್ದೆಯಾದರೆ ಆಫ್ ಮಾಡಿ, ಬಟ್ಟೆಯಲ್ಲಿ ಒರೆಸಿ, ಚಾರ್ಜ್ ಮಾಡುವ ತೂತು ಕೆಳಗೆ ಬರುವ ಹಾಗೆ ಹಿಡಿದು ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿಯ ಹುಡಿ ತೂತಿನೊಳಗೆ ಸೇರುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆ ಒಣಗಿಸುವ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿ ಫೋನ್ ಇಡುವವರಿದ್ದಾರೆ. ಬ್ಯಾಟರಿಗೆ ಬಿಸಿ ತಾಗಿದರೆ ಬೆಂಕಿ ಹತ್ತಬಹುದು. ತೇವ ಇದೆ ಎಂದು ಫೋನ್ ಹೇಳುತ್ತಿರುವಾಗ ಚಾರ್ಜರ್ ಚುಚ್ಚಲೇಬೇಡಿ. ನೀರು ತಾಳುವ ಫೋನ್ ಎಂದು ಡಬ್ಬಿಯಲ್ಲಿ ಬರೆದಿದ್ದರೂ ನೀರು ಹೊಕ್ಕ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಚಾರ್ಜರನ್ನು ಪ್ಲಗ್‌ನಿಂದಲೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಫೈಬರ್ ಬಾಕ್ಸ್‌ನದ್ದೂ ಕೀಳಿ. ಚಾರ್ಜಿಗೆ ಹಾಕಿದ ಫೋನಿನಲ್ಲಿ ಮಾತಾಡುವುದು ಬೇಡ. ಫೋನಿನ ಬೆನ್ನು ಉಬ್ಬಿದ್ದರೆ, ಪರದೆ ಒಂದು ಮೂಲೆಯಲ್ಲಿ ಎದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದು ಅರ್ಥ. ಒತ್ತಿ ಕೂರಿಸಬೇಡಿ, ಚಾರ್ಜ್ ಮಾಡಬೇಡಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಹಂತ 8: ಮೋಸ ಬರುವ ಬಾಗಿಲುಗಳನ್ನು ಮುಚ್ಚಿ

ಈಗ ಜಾಸ್ತಿ ಬರುತ್ತಿರುವುದು ಎಪಿಕೆ (APK) ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಕಂತು, ಬ್ಯಾಂಕ್ ಕೆವೈಸಿ, ಇಂಥ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುತ್ತದೆ. ಕರೆಯೋಲೆ ಫೋಟೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ವಿಡಿಯೋ ಆಗಿರುತ್ತದೆ. ಕರೆಯೋಲೆ ನೋಡಲು ಯಾವ ಆ್ಯಪೂ ಹಾಕಬೇಕಾಗಿಲ್ಲ. ಫೈಲ್ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಮುಟ್ಟದೆ ಅಳಿಸಿ. ಅದು ಒಳಗೆ ಕೂತರೆ ನಿಮ್ಮ ಎಸ್‌ಎಂಎಸ್ ಓದುತ್ತದೆ, ಒಟಿಪಿ ಕದಿಯುತ್ತದೆ, ನಿಮ್ಮ ಹೆಸರಲ್ಲೇ ಊರಿಗೆಲ್ಲ ತನ್ನನ್ನು ಕಳಿಸಿಕೊಳ್ಳುತ್ತದೆ.

ಬಾಗಿಲು ಮುಚ್ಚುವುದು ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದರ ಮುಂದೆ ಆಫ್ ಇರಲಿ. ಪ್ಲೇ ಸ್ಟೋರ್‌ನಲ್ಲಿ, ಕೆಟ್ಟ ಆ್ಯಪ್ ಇದೆಯೇ ಎಂದು ನೋಡುವ ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ಆ್ಯಕ್ಸೆಸಿಬಿಲಿಟಿ ಎಂಬ ಒಪ್ಪಿಗೆಯನ್ನು ಯಾವುದಾದರೂ ಆ್ಯಪ್ ಕೇಳಿದರೆ ನಿಂತು ಯೋಚಿಸಿ. ಅದನ್ನು ಕೊಟ್ಟರೆ ಆ ಆ್ಯಪ್ ನಿಮ್ಮ ಪರದೆಯನ್ನು ಓದಬಹುದು, ನಿಮ್ಮ ಬದಲು ಗುಂಡಿ ಒತ್ತಬಹುದು. ಟಾರ್ಚ್ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಯಾಕೆ ಬೇಕು?

ಕರೆಗಳದ್ದು ಬೇರೆ ಲೋಕ. "ನಿಮ್ಮ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಮುಂದಿಂದ ಏಳಬೇಡಿ" ಎನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದು ಇಲ್ಲವೇ ಇಲ್ಲ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು, ಒಬ್ಬರೇ ಇರುವ ಹಿರಿಯರು ಇದಕ್ಕೆ ಸಿಕ್ಕಿಬೀಳುತ್ತಾರೆ. ಯಾರಿಗೂ ಹೇಳಬೇಡಿ ಎಂದು ಆ ಕಡೆಯವರು ಒತ್ತಿ ಹೇಳಿದ ಕೂಡಲೇ ಕರೆ ಕಟ್ ಮಾಡಿ, ಪಕ್ಕದ ತೋಟದವರಿಗಾದರೂ ಹೇಳಿ. "ಇವತ್ತು ರಾತ್ರಿ ಕರೆಂಟ್ ಕಟ್ ಮಾಡುತ್ತೇವೆ" ಎಂಬ ಮೆಸೇಜಿಗೂ ಉತ್ತರ ಬೇಡ, ಬಿಲ್ ಬಗ್ಗೆ ಅನುಮಾನ ಇದ್ದರೆ 1912ಕ್ಕೆ ಕೇಳಿ.

ಕೊರಿಯರ್ ಬಂದಿಲ್ಲ, ಇದನ್ನು ಒತ್ತಿ ಎಂದು *401* ಇಂದ ಶುರುವಾಗುವ ನಂಬರ್ ಕೊಟ್ಟರೆ ಒತ್ತಬೇಡಿ. ನಿಮ್ಮ ಕರೆಗಳೆಲ್ಲ ಅವರಿಗೆ ಹೋಗುವಂತೆ ಮಾಡುವ ಕೋಡ್ ಅದು. ಒತ್ತಿಹೋಗಿದ್ದರೆ ##002# ಡಯಲ್ ಮಾಡಿ, ಸಾಮಾನ್ಯವಾಗಿ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಬ್ಯಾಂಕಿನವರು, ಪೊಲೀಸರು ಎಂದು ಹೇಳಿ ಪರದೆ ತೋರಿಸುವ ಆ್ಯಪ್ ಹಾಕಿ ಎಂದರೆ ಅದೂ ಮೋಸವೇ.

ಸಿಮ್ ಬಗ್ಗೆ ಒಂದು ಮಾತು, ನಮ್ಮ ಜಿಲ್ಲೆಯಲ್ಲಿ ಇದು ಮುಖ್ಯ. ಅಸ್ಸಾಂನಿಂದಲೋ ಜಾರ್ಖಂಡ್‌ನಿಂದಲೋ ಬಂದ ಲೈನ್ ಮನೆಯ ಕೆಲಸದವರಿಗೆ ಉಪಕಾರ ಎಂದು ತಮ್ಮ ಆಧಾರ್‌ನಲ್ಲಿ ಸಿಮ್ ತೆಗೆಸಿಕೊಟ್ಟವರು ಇದ್ದಾರೆ. ಆ ಸಿಮ್‌ನಿಂದ ಏನೇ ಆದರೂ ಮೊದಲು ಕೇಳುವುದು ನಿಮ್ಮನ್ನೇ. ಅವರ ಆಧಾರ್‌ನಲ್ಲೇ ತೆಗೆಸಲು ಜೊತೆಗೆ ಹೋಗಿ ಸಹಾಯ ಮಾಡಿ. ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಎಂದು ಕಾಣುತ್ತದೆ. ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ದೂರು ಕೊಡಿ.

ಹಂತ 9: ಹಳೆ ಫೋನ್ ಕೊಡುವುದು

ಹತ್ತು ದಿನ ಕೊಡಬೇಡಿ. ಅಷ್ಟರೊಳಗೆ ಏನು ಬಂದಿಲ್ಲ ಎಂದು ನೆನಪಾಗುತ್ತದೆ. ಆಮೇಲೆ ಯುಪಿಐ, ಬ್ಯಾಂಕ್ ಆ್ಯಪ್‌ಗಳಿಂದ ಲಾಗ್ ಔಟ್ ಆಗಿ, ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಜಿಮೇಲ್ ತೆಗೆಯಿರಿ, ಮೆಮೊರಿ ಕಾರ್ಡ್ ತೆಗೆಯಿರಿ, ಕೊನೆಗೆ ಫ್ಯಾಕ್ಟರಿ ರೀಸೆಟ್. ಜಿಮೇಲ್ ತೆಗೆಯದೆ ಬೇರೆ ದಾರಿಯಲ್ಲಿ ಅಳಿಸಿದರೆ ತೆಗೆದುಕೊಂಡವರಿಗೆ ನಿಮ್ಮ ಪಾಸ್‌ವರ್ಡ್ ಕೇಳಿ ಫೋನ್ ತೆರೆಯದೆ ನಿಲ್ಲುತ್ತದೆ.

ಫೋನ್ ಕಳೆದರೆ

ಬೇರೆ ಫೋನಿಂದ ಕರೆ ಮಾಡಿ ನೋಡಿ. ಸಿಗದಿದ್ದರೆ ಬೇರೆ ಫೋನಿನಲ್ಲಿ, ಕಳೆದ ಫೋನ್ ಹುಡುಕಿಕೊಡುವ ಗೂಗಲ್‌ನ ಫೈಂಡ್ ಹಬ್ ತೆರೆದು ನಿಮ್ಮ ಜಿಮೇಲ್ ಹಾಕಿ. ಇಲ್ಲೇ ಗೂಗಲ್ "ನಿಮ್ಮ ಫೋನಿಗೆ ಬಂದ ಸಂದೇಶ ಒಪ್ಪಿ" ಎಂದು ಕೇಳಬಹುದು, ಆ ಫೋನೇ ಕಳೆದಿರುತ್ತದೆ. ಬೀರುವಿನಲ್ಲಿಟ್ಟ ಬ್ಯಾಕಪ್ ಕೋಡ್ ಬೇಕಾಗುವುದು ಈಗ. ಒಂದು ಕೋಡ್ ಹಾಕಿ ಒಳಗೆ ಹೋಗಿ ಫೋನ್ ಲಾಕ್ ಮಾಡಿ. ತಕ್ಷಣ ಅಳಿಸಬೇಡಿ, ಅಳಿಸಿದ ಮೇಲೆ ಅದು ಎಲ್ಲಿದೆ ಎಂದು ಕಾಣುವುದಿಲ್ಲ.

ಮುಂದೆ ಸಿಮ್ ಕಂಪನಿಗೆ ಹೇಳಿ ಸಿಮ್ ಬ್ಲಾಕ್, ಬ್ಯಾಂಕಿಗೆ ಹೇಳಿ ಯುಪಿಐ ಬ್ಲಾಕ್. ಆಮೇಲೆ ಪೊಲೀಸ್ ದೂರು, ಕಳೆದ ವಸ್ತುವಿನ ದೂರಿಗೆ ಇರುವ ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲೂ ಕೊಡಬಹುದು. ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಗಾಬರಿ ಬೇಡ. ದೂರಿನ ಪ್ರತಿ, ಬಿಲ್ಲು, ಗುರುತಿನ ಚೀಟಿ, ಎರಡೂ ಐಎಂಇಐ ಇಟ್ಟುಕೊಂಡು ಸಂಚಾರ್ ಸಾಥಿಯಲ್ಲಿ ಫೋನ್ ಬ್ಲಾಕ್ ಮಾಡಿ. ಆಮೇಲೆ ದೇಶದಲ್ಲಿ ಯಾವ ಸಿಮ್ ಹಾಕಿದರೂ ಅದಕ್ಕೆ ನೆಟ್‌ವರ್ಕ್ ಸಿಗುವುದಿಲ್ಲ. ಫೋನ್ ಸಿಕ್ಕಿದರೆ ಅಲ್ಲೇ ಬ್ಲಾಕ್ ತೆಗೆಯಬಹುದು.

ದುಡ್ಡು ಹೋದರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಳೆ ಬ್ಯಾಂಕಿಗೆ ಹೋಗೋಣ ಎಂದು ಕೂರಬೇಡಿ. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ಸಾಗಿಸುತ್ತಾರೆ, ಅದು ಯಾವುದೋ ಖಾತೆಯಲ್ಲಿ ಇರುವಾಗಲೇ ತಡೆಯಬೇಕು. ಎಷ್ಟು ಹೋಯಿತು, ಯಾವಾಗ, ವ್ಯವಹಾರದ ನಂಬರ್ ಏನು, ಇಷ್ಟು ಕೈಯಲ್ಲಿ ಇರಲಿ. ಎಪಿಕೆ ಹಾಕಿದ್ದರಿಂದ ಹೋಗಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ, ಬೇರೆ ಫೋನಿಂದ ಕರೆ ಮಾಡಿ. ಬ್ಯಾಂಕಿಗೂ ಅವತ್ತೇ ಬರಹದಲ್ಲಿ ದೂರು ಕೊಟ್ಟು ನಂಬರ್ ಪಡೆಯಿರಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ 3 ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ನಷ್ಟ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿತು. ಆ ನಿಯಮದ ಪ್ರಕಾರ, ಪಿನ್ ಅಥವಾ ಒಟಿಪಿ ನೀವೇ ಕೊಟ್ಟಿದ್ದರೆ, ತಿಳಿಸುವ ತನಕ ಹೋದದ್ದು ನಿಮ್ಮ ತಲೆಯ ಮೇಲೆ. ಆದರೆ ತಿಳಿಸಿದ ಮೇಲೂ ಹೋದರೆ ಅದು ಬ್ಯಾಂಕಿನದು. ಆದ್ದರಿಂದ ತಪ್ಪು ನಿಮ್ಮದೇ ಆಗಿದ್ದರೂ ನಾಚಿಕೆಯಿಂದ ಮುಚ್ಚಿಡಬೇಡಿ, ಆ ಗಳಿಗೆಯಲ್ಲೇ ಫೋನ್ ಎತ್ತಿ.